ದಪ್ಪ ತಂತಿಯಲ್ಲಿ ಇಲ್ಲದ ಸದ್ದು

ಕಳೆದ ವಾರ ಮದರಾಸಿನ ಗಿಂಡಿಯಲ್ಲಿರುವ ನನ್ನ ಹಳೇ ವಾದ್ಯಗಳ ಅಂಗಡಿಗೆ ಒಬ್ಬಳು ಹುಡುಗಿ ಬೇಸ್ ಗಿಟಾರ್ ಮಾರಲು ತಂದಿದ್ದಳು. ಚೀಲದ ಜಿಪ್ ಎಳೆದ ಕೂಡಲೇ ಟಾಲ್ಕಂ ಪೌಡರು, ಬೆವರು, ತುಕ್ಕು ಹಿಡಿಯುತ್ತಿರುವ ತಂತಿ, ಮೂರೂ ಸೇರಿದ ವಾಸನೆ ಮುಖಕ್ಕೆ ಹೊಡೆಯಿತು. ಈ ಊರಿನ ಸೆಕೆಗೆ ಹೆಬ್ಬೆರಳು ಗಿಟಾರಿನ ಕುತ್ತಿಗೆಗೆ ಅಂಟಿಕೊಳ್ಳದಿರಲಿ ಎಂದು ಎಡಗೈಗೆ ಪೌಡರ್ ಹಚ್ಚಿಕೊಳ್ಳುವವರನ್ನು ನಾನು ಅಲ್ಲಿಯವರೆಗೆ ಒಬ್ಬರನ್ನೇ ನೋಡಿದ್ದೆ. ಹುಡುಗಿ ಬೆಲೆ ಕೇಳುತ್ತಿದ್ದಳು. ‘ನಾಳೆ ಬಾಮ್ಮಾ’ ಎಂದು ಕಳಿಸಿಬಿಟ್ಟೆ. ಬಂದ ಸರಕನ್ನು ನಾಳೆಗೆ ತಳ್ಳುವ ಜಾಯಮಾನ ನನ್ನದಲ್ಲ…

ಆ ಒಬ್ಬರು ನಾವು ಬಾಡಿಗೆಗಿದ್ದ ಕಟ್ಟಡದ ಮಹಡಿಯಲ್ಲಿದ್ದರು. ನನಗೆ ಮಾಮ, ಅವರ ಹೆಂಡತಿ ಮಾಮಿ. ಮೈಸೂರು ಕಡೆಯವರು, ಎರಡು ತಲೆಮಾರಿನಿಂದ ಮದರಾಸಿನಲ್ಲೇ ಬೇರು ಬಿಟ್ಟವರು. ಮಾಮನಿಗೆ ಮಣಲಿಯ ಒಂದು ಕಾರ್ಖಾನೆಯಲ್ಲಿ ಕೆಲಸ, ಇಡೀ ದಿನ ಮೊರೆಯುವ ಪಂಪುಗಳ ಪಕ್ಕದಲ್ಲಿ. ಶನಿವಾರ ಭಾನುವಾರ ಬಂತೆಂದರೆ ಮದುವೆ ಮಂಟಪಗಳ ಆರ್ಕೆಸ್ಟ್ರಾದಲ್ಲಿ ಬೇಸ್. ವೇದಿಕೆಯ ಹಿಂದಿನ ಸಾಲಿನಲ್ಲಿ, ಡ್ರಮ್ಮಿನ ಪಕ್ಕ ಬೆಳಕು ಬೀಳದ ಕಡೆ ನಿಂತು, ಕಣ್ಣು ಮುಚ್ಚಿ ನುಡಿಸುತ್ತಿದ್ದರು. ಊಟಕ್ಕೆ ಎದ್ದು ಹೋಗುವ ಜನಕ್ಕೆ ಅವರು ಕಾಣುತ್ತಲೇ ಇರಲಿಲ್ಲ.

ಅವರಿಗಿದ್ದ ಭಯ ಒಂದೇ: ಕಿವಿ. ಕಾರ್ಖಾನೆಯ ಜೊತೆಗಾರರಲ್ಲಿ ಅನೇಕರಿಗೆ ಕಿವಿ ಮಂದವಾಗಿತ್ತು. ಮಾಮ ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ಬಾಲ್ಕನಿಯಲ್ಲಿ ನಿಂತು ಕಿವಿಯ ಹತ್ತಿರ ಬೆರಳುಗಳನ್ನು ಮೆಲ್ಲಗೆ ಉಜ್ಜಿಕೊಳ್ಳುತ್ತಿದ್ದರು. ಎಡಗಡೆ, ಬಲಗಡೆ. ಎರಡೂ ಕೇಳಿಸಿದರೆ ಒಂದು ಸಣ್ಣ ನಗು. “ಕಿವಿ ಹೋದ ದಿನ ನಾನೇ ಸ್ಟೇಜ್ ಇಳಿದುಬಿಡ್ತೀನಿ ಕಣೋ. ಯಾರಾದ್ರೂ ಬಂದು ಹೇಳೋ ತನಕ ನಿಂತಿರಬಾರದು, ಅಸಿಂಗ, ನಾಚಿಕೆಗೇಡು” ಎನ್ನುತ್ತಿದ್ದರು.

ನಾನು ಬೆಳೆದ ಬಗೆಯೇ ಬೇರೆ. ಅಪ್ಪ ಬೇಗ ಹೋದರು. ಅಮ್ಮ ಮೆಸ್ ನಡೆಸುತ್ತಿದ್ದಳು. ತರಕಾರಿಗೆ ಕೋಯಂಬೇಡು ಮಾರುಕಟ್ಟೆಗೆ ಹೋಗುತ್ತಿದ್ದವನು ನಾನು. ಚೌಕಾಸಿ ಕಲಿತದ್ದು ಅಲ್ಲಿ. ಕೇಳಿ, ನಿಮಗೂ ಉಪಯೋಗಕ್ಕೆ ಬಂದೀತು: ಬೇಕಾದ ಬದನೆಕಾಯಿ ರಾಶಿಯಿಂದ ಎಲ್ಲಕ್ಕಿಂತ ಚೆನ್ನಾಗಿರುವುದನ್ನೇ ಎತ್ತಿಕೊಂಡು, ಮುಖ ಕಿವಿಚಿ, ‘ಏನಪ್ಪಾ, ಹುಳ ಇದೆಯಲ್ಲ’ ಎನ್ನಬೇಕು. ಹುಳ ಇಲ್ಲವೆಂದು ಅವನಿಗೂ ಗೊತ್ತು, ನಮಗೂ ಗೊತ್ತು. ಅವನು ನಮ್ಮ ಕಣ್ಣನ್ನು ಬೈಯುತ್ತಾನೆ, ನಾವು ಅವನ ತೋಟವನ್ನು ಬೈಯುತ್ತೇವೆ, ನಡುವೆ ಎಲ್ಲೋ ಬೆಲೆ ಕುದುರುತ್ತದೆ. ಯಾರ ಮನಸ್ಸೂ ಕೆಡುವುದಿಲ್ಲ. ಆ ವಿದ್ಯೆಯಿಂದಲೇ ಮೆಸ್ ನಡೆಯಿತು, ಆಮೇಲೆ ಹಳೇ ವಾದ್ಯಗಳ ಈ ಅಂಗಡಿಯೂ.

ವಾದ್ಯ ನೋಡುವುದನ್ನು ಕಲಿಸಿದ್ದು ಮಾತ್ರ ಮಾಮ. ಅಂಗಡಿ ಇಟ್ಟ ಹೊಸದರಲ್ಲಿ ನನಗೆ ಬೇಸ್ ಗಿಟಾರ್ ಎಂದರೆ ನಾಲ್ಕು ತಂತಿಯ ಉದ್ದನೆಯ ಮರ, ಅಷ್ಟೆ. ಮಾಮ ಬಂದು ಮೊದಲು ಆಂಪ್ಲಿಫೈಯರ್ ಆರಿಸುತ್ತಿದ್ದರು. “ಅದು ಮೇಕಪ್ಪು. ಮೊದಲು ಮುಖ ತೊಳೆದು ತೋರಿಸು.” ಗಿಟಾರಿನ ಮೈಗೆ ಕೆನ್ನೆ ಒತ್ತಿ ಒಂದೊಂದೇ ತಂತಿ ಮೀಟಿ, ಮರ ಎಷ್ಟು ಹೊತ್ತು ನಡುಗುತ್ತದೆಂದು ಕೇಳುತ್ತಿದ್ದರು. ಆಮೇಲೆ ನಿಂತು, ಪಟ್ಟಿ ಹೆಗಲಿಗೆ ಹಾಕಿ, ಎಡಗೈಯನ್ನು ಪೂರ್ತಿ ಬಿಟ್ಟುಬಿಡುವುದು. ಗಿಟಾರಿನ ತಲೆ ಕೆಳಕ್ಕೆ ಜಾರಿದರೆ ತೂಕ ಸರಿಯಿಲ್ಲ. “ಇದನ್ನ ನುಡಿಸೋನು ಅರ್ಧ ಕೈಯಲ್ಲಿ ನುಡಿಸ್ತಾನೆ, ಅರ್ಧ ಕೈಯಲ್ಲಿ ಹೊರ್ತಾನೆ.” ಕೊನೆಗೆ ಕುರ್ಚಿಯಲ್ಲಿ ಕೂತು ಒಂದು ಹಾಡು ಪೂರ್ತಿ, ತೊಡೆ ಎಲ್ಲಿ ನೋಯುತ್ತದೆ, ಮೊಣಕೈ ಎಲ್ಲಿ ಒತ್ತುತ್ತದೆ ಎಂದು. ಇವತ್ತಿಗೂ ಬೇಸ್ ಕೊಳ್ಳಲು ಬಂದವರಿಗೆ ನಾನು ಇಷ್ಟನ್ನೇ ಹೇಳುವುದು. ಬಣ್ಣ ನೋಡಬೇಡಿ, ಒಂದು ಹಾಡು ಮುಗಿಯುವವರೆಗೆ ಹೊತ್ತು ನೋಡಿ.

ಮಾಮ ನಿವೃತ್ತರಾದ ಮಾರನೆಯ ವರ್ಷ ಪಟ್ಟಿ ಹಾಕುವ ಎಡ ಹೆಗಲು ಎತ್ತಲಾಗದ ಹಾಗಾಯಿತು. ಅವರ ಬೇಸ್ ಹಳೆಯದು, ಕಡು ಕಂದು, ಗುಂಡುಕಲ್ಲಿನಷ್ಟು ಭಾರ. ಅದನ್ನು ನನಗೆ ಕೊಟ್ಟು, ಹಗುರವಾದದ್ದನ್ನು ತೆಗೆದುಕೊಳ್ಳುವುದೆಂದು ಒಂದು ಸೋಮವಾರ ಬೆಳಿಗ್ಗೆ ಮಾಮಿಯ ಜೊತೆ ಅಂಗಡಿಗೆ ಬಂದರು. ನಾನು ಎರಡು ತೆಗೆದಿಟ್ಟಿದ್ದೆ. ಒಂದು ಹೊಸದು, ಹೊಳೆಯುವ ಕೆಂಪು. ಕೈ ಬಿಟ್ಟ ಕೂಡಲೇ ಅದರ ತಲೆ ನೆಲ ನೋಡಿತು. ಇನ್ನೊಂದು ಗಿಡ್ಡ ಕುತ್ತಿಗೆಯದು. ಮಡಿಲಲ್ಲಿ ಮಗುವಿನಂತೆ ಕೂತಿತು, ಆದರೆ ದನಿಯಲ್ಲಿ ಹೊಟ್ಟೆ ಇರಲಿಲ್ಲ. ಮಾಮ ಎರಡಕ್ಕೂ ಕೆನ್ನೆ ಒತ್ತಿ ಒತ್ತಿ ಕೇಳಿದರು.

“ಮನೇಲಿ ನಾನು ಕೂಗಿದ್ರೆ ಒಂದು ಕಿವೀನೂ ಕೊಡಲ್ಲ. ಇಲ್ಲಿ ನೋಡು, ಕಟ್ಟಿಗೆ ಜೊತೆ ಗುಸುಗುಸು” ಎಂದರು ಮಾಮಿ.

“ಕಟ್ಟಿಗೆ ತಿರುಗಿಸಿ ಮಾತಾಡಲ್ಲವಲ್ಲೇ” ಎಂದರು ಮಾಮ, ಕೆನ್ನೆ ತೆಗೆಯದೆ.

ಗಿಡ್ಡದ್ದೇ ಆಗಲಿ ಎಂದಾಯಿತು. ಇನ್ನು ಹಳೆಯದಕ್ಕೆ ಬೆಲೆ ಕಟ್ಟಬೇಕು. ಅದನ್ನು ಕೈಗೆತ್ತಿಕೊಂಡಾಗಲೇ ನನಗೆ ಗೊತ್ತಾಯಿತು, ಅಂಥ ಬೇಸ್ ನನ್ನ ಅಂಗಡಿಗೆ ಆವರೆಗೆ ಬಂದಿರಲಿಲ್ಲ. ಮೀಟಿದರೆ ಎದೆಗೂಡಿನೊಳಗೆ ಯಾರೋ ಬಾಗಿಲು ಮುಚ್ಚಿದ ಹಾಗೆ, ಗುಂ… ಕೇಳುತ್ತಿದ್ದಂತೆ ನನ್ನ ಮುಖ ತಾನಾಗಿಯೇ ಕಿವಿಚಿಕೊಂಡಿತು. ಕೋಯಂಬೇಡಿನ ಮುಖ.

“ಏನ್ ಮಾಮಾ, ದಪ್ಪ ತಂತಿ ಏಳನೇ ಫ್ರೆಟ್ಟಲ್ಲಿ ಬರ್ ಅಂತಿದೆಯಲ್ಲ?”

ಸದ್ದೂ ಇರಲಿಲ್ಲ, ಗಿದ್ದೂ ಇರಲಿಲ್ಲ. ಅವರು ನನ್ನನ್ನು ಬೈಯಲಿ, ನಾನು ಒಂದಿಷ್ಟು ಇಳಿಸಲಿ, ಇಬ್ಬರೂ ನಕ್ಕು ಕಾಫಿ ಕುಡಿಯೋಣ ಎಂದುಕೊಂಡಿದ್ದೆ.

ಮಾಮ ಬೈಯಲಿಲ್ಲ. ಗಿಟಾರನ್ನು ವಾಪಸು ತೆಗೆದುಕೊಂಡು, ಕುತ್ತಿಗೆಯ ಮೇಲಿನ ಲೋಹದ ಗೆರೆಗಳನ್ನು ಎಣಿಸಿ ಏಳನೆಯದರ ಮೇಲೆ ಬೆರಳಿಟ್ಟು ಮೀಟಿದರು. ಮತ್ತೆ ಮೀಟಿದರು. ಕೆನ್ನೆ ಒತ್ತಿದರು. ಆ ಕಡೆಯ ಕಿವಿ, ಈ ಕಡೆಯ ಕಿವಿ. ಫ್ಯಾನ್ ಆರಿಸು ಎಂದರು, ಆರಿಸಿದೆ. ಹಣೆಯಿಂದ ಬೆವರು ಗಿಟಾರಿನ ಮೇಲೆ ಬಿತ್ತು.

“ನಿನಗೆ ಕೇಳಿಸ್ತಿದೆಯಾ?” ಎಂದರು.

ಆಗ ನಕ್ಕುಬಿಡಬಹುದಿತ್ತು. ಸುಮ್ಮನೆ ಹೇಳಿದೆ ಮಾಮಾ ಎನ್ನಲು ಎಷ್ಟು ಹೊತ್ತು ಬೇಕು? ಆದರೆ ಬೆಲೆ ಇನ್ನೂ ಕುದುರಿರಲಿಲ್ಲ. ವ್ಯಾಪಾರದ ನಡುವೆ ಆಡಿದ ಮಾತಿನಿಂದ ಹಿಂದೆ ಸರಿಯಬಾರದೆಂದು ನಾನೇ ಎಷ್ಟೋ ಜನಕ್ಕೆ ಬುದ್ಧಿ ಹೇಳಿದ್ದೇನೆ.

“ಚೆನ್ನಾಗೇ ಕೇಳಿಸ್ತಿದೆ” ಎಂದೆ.

ಅವರು ಗಿಟಾರನ್ನು ಮೇಜಿನ ಮೇಲಿಟ್ಟು, “ಸರಿ, ನೀನು ಹೇಳೋ ರೇಟೇ ಇರಲಿ” ಎಂದರು. ಚೌಕಾಸಿಯೇ ನಡೆಯಲಿಲ್ಲ. ಗೆದ್ದೆ ಎಂದುಕೊಂಡೆ… ದೇವರಾಣೆಗೂ ಆವತ್ತು ಹಾಗೇ ಅಂದುಕೊಂಡಿದ್ದೆ.

ಆ ಬೇಸ್ ಒಂದೇ ವಾರದಲ್ಲಿ ಒಳ್ಳೆಯ ಬೆಲೆಗೆ ಹೋಯಿತು. ಮಾಮ ಆ ಶನಿವಾರ ಮಂಟಪಕ್ಕೆ ಹೋಗಲಿಲ್ಲ, ಮುಂದಿನ ಶನಿವಾರವೂ ಇಲ್ಲ. ಹೆಗಲು ನೋವಿರಬೇಕೆಂದು ನನಗೆ ನಾನೇ ಹೇಳಿಕೊಂಡೆ. ಎರಡು ತಿಂಗಳ ಮೇಲೆ ಮಹಡಿಗೆ ಹೋದಾಗ ಗಿಡ್ಡ ಗಿಟಾರ್ ಚೀಲ ಬಿಚ್ಚದೆ ಬೀರುವಿನ ಮೇಲಿತ್ತು. ಬಾಲ್ಕನಿಯಲ್ಲಿ ಬೆರಳು ಉಜ್ಜುವುದೂ ನಿಂತಿತ್ತು.

“ಆ ಬರ್ ಸದ್ದು ಸರಿಮಾಡಿದೆಯೇನೋ?” ಎಂದು ಅವರೇ ಕೇಳಿದರು.

ಇನ್ನೊಂದು ಅವಕಾಶ. ನಾನು ಅಂದದ್ದು: “ಮಾಡಿದೆ ಮಾಮಾ. ಈಗ ಇಲ್ಲ.”

“ಸದ್ಯ. ಡಾಕ್ಟರ್ ಹತ್ರಾನೂ ಹೋಗಿದ್ದೆ. ಕಿವಿ ಪರವಾಗಿಲ್ಲ ಅಂದ್ರು. ಅವರಿಗೇನು, ಕೊಯ್ ಅಂತ ಒಂದು ಮೆಷಿನ್ ಕೇಳಿಸ್ತಾರೆ. ತಂತಿ ಗೊತ್ತಿರೋನು ನೀನು. ನೀನು ಹೇಳದೇ ಇದ್ದಿದ್ರೆ ಇನ್ನೂ ಎಷ್ಟು ಮದುವೆ ಕೆಡಿಸ್ತಿದ್ನೋ. ಒಳ್ಳೇದು ಮಾಡ್ದೆ ಕಣೋ.” ನನ್ನ ಕೈ ಹಿಡಿದು ಒತ್ತಿದರು. ಆ ಕೈಯಲ್ಲಿ ಪೌಡರ್ ಇರಲಿಲ್ಲ.

ಆಮೇಲೆ ಅವರು ಬದುಕಿದ್ದ ಆರು ವರ್ಷ ಮೆಟ್ಟಿಲಲ್ಲಿ ಎದುರಾದಾಗಲೆಲ್ಲ ನಾನು ಮೊಬೈಲ್ ಕಿವಿಗಿಟ್ಟುಕೊಂಡು ಇಳಿದುಹೋಗುತ್ತಿದ್ದೆ. ಹೋದ ವರ್ಷ ಮಾಮ ತೀರಿಕೊಂಡರು.

ಆ ಹುಡುಗಿಯನ್ನು ಕಳಿಸಿದ ಸಂಜೆ ಅಂಗಡಿ ಬೇಗ ಮುಚ್ಚಿ ಮಾಮಿಯ ಬಳಿಗೆ ಹೋದೆ. ಅವರು ಸೊಪ್ಪು ಬಿಡಿಸುತ್ತಿದ್ದರು. ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಸದ್ದಿರಲಿಲ್ಲ, ಮಾಮನ ಕಿವಿಗೆ ಏನೂ ಆಗಿರಲಿಲ್ಲ, ನಾನು ಬೆಲೆ ಇಳಿಸಲು ಅಂದದ್ದು ಎಂದೆ. ಬೈಯಲಿ, ಮನೆಯಿಂದ ಆಚೆ ಹೋಗೆನ್ನಲಿ, ಎಲ್ಲಕ್ಕೂ ತಯಾರಾಗಿದ್ದೆ.

ಮಾಮಿ ಕೈಲಿದ್ದ ಸೊಪ್ಪಿನ ದಂಟನ್ನು ಕೆಳಗಿಟ್ಟರು.

“ಹಂಗಾದ್ರೆ ಅವರಿಗೆ ಎಲ್ಲಾ ಕೇಳಿಸ್ತಿತ್ತಾ?”

“ಕೇಳಿಸ್ತಿತ್ತು ಮಾಮೀ.”

“‘ನನ್ನ ಕಿವಿ ಹೋಯ್ತು’ ಅಂತ ಅವರೇ ಅಂದ್ರು ಕಣೋ. ಮೂಲೇಲಿ ಕೂತವರು ನಾನು ಕೂಗಿದ್ರೂ ತಿರುಗ್ತಿರಲಿಲ್ಲ. ನಾನೂ ನಿಜಾನೇ ಅಂದ್ಕೊಂಡೆ. ಅಡುಗೆ ಮಾಡ್ತಾ ಮಾಡ್ತಾ ಬಾಯಿಗೆ ಬಂದಿದ್ದು ಅಂತಿದ್ದೆ. ದಂಡಪಿಂಡ ಅಂತ… ಯಾವಾಗ ಇದರಿಂದ ನನಗೆ ಬಿಡುಗಡೆ ಅಂತ ಕೂಡ…” ಆಮೇಲೆ ಅಡುಗೆಮನೆಯ ಬಾಗಿಲಿಗೂ ಮಾಮ ಕೂರುತ್ತಿದ್ದ ಮೂಲೆಗೂ ಎಷ್ಟು ದೂರವೆಂದು ಅಳೆಯುವವರಂತೆ ಅತ್ತ ಒಮ್ಮೆ, ಇತ್ತ ಒಮ್ಮೆ ನೋಡಿದರು.

ಬರೀ ನಾಲ್ಕು ಹೆಜ್ಜೆ. ನಾನೂ ನೋಡಿದೆ.

ನನ್ನ ಮನಸ್ಸು ಹಗುರ ಮಾಡಿಕೊಳ್ಳಲು ಹೋಗಿದ್ದೆ. ಕೈಲಾದದ್ದು ಇಷ್ಟೇ: ಅವರ ಪಕ್ಕ ಕೂತು ಉಳಿದ ಸೊಪ್ಪು ಬಿಡಿಸಿದೆ.