ಗುರ್ಲಿ ತಂದ ಒಂಬತ್ತು ಕೇಕು

ನಲವತ್ತು ವರ್ಷ ಕ್ಯಾಮೆರಾ ಹಿಡಿದವನು ನಾನು. ಕಂಡ ನಿರ್ದೇಶಕರಲ್ಲಿ ತಲೆಬಾಗಬೇಕು ಅನ್ನಿಸಿದ್ದು ಗುರ್ಲಿ ರೌನ್ ಒಬ್ಬಳಿಗೇ. ಅವಳ ಮೊದಲ ಸಿನಿಮಾ ಕೋಪನ್‌ಹೇಗನ್ನಿನಲ್ಲಿ ಒಂದು ವಾರವೂ ಓಡಲಿಲ್ಲ. ಎರಡನೆಯದಕ್ಕೂ ಅದೇ ಗತಿ. ತಲೆ ಮೇಲೆ ಕೈಹೊತ್ತು ಕೂರದೆ ಟಿ.ವಿ.ಗೆ ಬಂದಳು, ಮಕ್ಕಳ ಕಾರ್ಯಕ್ರಮ ಮಾಡಿದಳು, ಹವಾಮಾನ ವರದಿಯನ್ನೂ ಬಿಡಲಿಲ್ಲ. ಐವತ್ತೆರಡನೇ ವಯಸ್ಸಿಗೆ ಭಾನುವಾರ ಸಂಜೆಯ ಧಾರಾವಾಹಿ ಅವಳ ಕೈಗೆ ಬಂತು. ಒಂದು ದ್ವೀಪದ ದೋಣಿಯವರ ಕಥೆ. ದೇಶಕ್ಕೆ ದೇಶವೇ ಬೇಗ ಊಟ ಮುಗಿಸಿ ಅದರ ಮುಂದೆ ಕೂರುತ್ತಿತ್ತು.

ನಮ್ಮ ಸೆಟ್ಟುಗಳಲ್ಲಿ ಒಂದು ರೂಢಿ: ಶಾಟ್ ಕೆಡಿಸಿದವರು ಮರುದಿನ ಎಲ್ಲರಿಗೂ ಕೇಕ್ ತರಬೇಕು. ಲೈಟಿನವನಿರಲಿ, ನಾಯಕನಿರಲಿ, ಯಾರಿಗೂ ವಿನಾಯಿತಿ ಇಲ್ಲ. ಧಾರಾವಾಹಿ ಮುಗಿಯುತ್ತ ಬಂದಾಗ, ಬಂದರಿನ ಮುದುಕನ ಪಾತ್ರ ಮಾಡುತ್ತಿದ್ದ ಐವಿನ್ ಮಾತು ಮರೆಯತೊಡಗಿದರು. ಎಂಬತ್ತರ ಹತ್ತಿರದ ಹಿರಿಯ ನಟ. ದಿನಾ ಅವರೇ ಕೇಕ್ ತಂದರೆ ಚಾನೆಲ್ಲಿಗೆ ಸುದ್ದಿ ಮುಟ್ಟುತ್ತದೆ, ಪಾತ್ರ ಕೈತಪ್ಪುತ್ತದೆ. ಅದಕ್ಕೇ ಅವರು ತಡವರಿಸಿದಾಗಲೆಲ್ಲ ಗುರ್ಲಿ, "ನಿಲ್ಸಿ, ತಪ್ಪು ನಂದು" ಅನ್ನುತ್ತಿದ್ದಳು. ಬೆಳಿಗ್ಗೆ ತಾನೇ ಬೇಯಿಸಿದ ಕೇಕ್ ತರುತ್ತಿದ್ದಳು. ಪುಣ್ಯಾತ್ಗಿತ್ತಿಗೆ ಅಡುಗೆಯ ಗಂಧಗಾಳಿಯೂ ಇರಲಿಲ್ಲ. ಒಂಬತ್ತು ದಿನ ಆ ಇಟ್ಟಿಗೆ ತಿಂದೆವು.

"ನಿಂಗೇನ್ ತಲೆ ಕೆಟ್ಟಿದ್ಯಾ?" ಎಂದು ಬೈದೆ.

"ಸುಮ್ನೆ ತಿನ್ನೋ. ಕಾಫಿಲಿ ಅದ್ದಿದ್ರೆ ಇಳಿಯುತ್ತೆ."

ಹತ್ತನೇ ದಿನ ಚಾನೆಲ್ಲಿನ ಮೇಲಧಿಕಾರಿ ಹೆನ್ನಿಂಗ್ ಬಂದ. "ಒಂಬತ್ತು ದಿನ, ಒಂಬತ್ತು ಕೇಕು. ಎಲ್ಲಾ ನಿಂದೇ ಅಂತೆ. ಕೊನೇ ಕಂತು ಬೇರೆಯವ್ರು ಮಾಡ್ಲಿ ಬಿಡು, ಗುರ್ಲಿ."

ನನಗೆ ಮೈಯೆಲ್ಲ ಉರಿದುಹೋಯಿತು. ನಿಜ ಹೇಳಲು ಬಾಯಿ ತೆರೆದೆ. ಅವಳು ನನ್ನ ಕಾಲು ತುಳಿದಳು.

"ಆಯ್ತು. ಆದ್ರೆ ಒಬ್ಬ ನಟನ್ನೂ ಬದಲಾಯಿಸೋ ಹಾಗಿಲ್ಲ. ಬರ್ಕೊಡು" ಎಂದಳು. ಹೆನ್ನಿಂಗ್ ಬರೆದುಕೊಟ್ಟ.

ಆ ಕೊನೆಯ ಕಂತಿಗಾಗಿಯೇ ಅವಳು ಅಷ್ಟು ವರ್ಷ ಕಾದಿದ್ದಳು. ಅದು ಮೂವತ್ತರ ಹರೆಯದ ಯೆಪ್ಪೆ ಎಂಬ ಹೊಸ ನಿರ್ದೇಶಕನ ಪಾಲಾಯಿತು. ಗುರ್ಲಿ ಮಾತ್ರ ದಿನಾ ಬೆಳಿಗ್ಗೆ ಐವಿನ್ ಮನೆಗೆ ಹೋಗಿ, ಅಡುಗೆಮನೆಯಲ್ಲೇ ಅವರನ್ನು ನಡೆಸಿ, ನಿಲ್ಲಿಸಿ, ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದೂ ಹೇಳಿಕೊಟ್ಟು ಸೆಟ್ಟಿಗೆ ಕಳಿಸುತ್ತಿದ್ದಳು. ಆಮೇಲೆ ಅವರು ಒಂದು ಮಾತೂ ತಪ್ಪಲಿಲ್ಲ.

ಕೊನೆಯ ಭಾನುವಾರ ಅವರ ಮನೆಯಲ್ಲಿ ಮೂವರೂ ಕೂತು ನೋಡಿದೆವು. ಬಂದರಿನ ಮುದುಕ ಮಗಳನ್ನು ಬೀಳ್ಕೊಡುವ ದೃಶ್ಯದಲ್ಲಿ ನಾನು ಅತ್ತುಬಿಟ್ಟೆ. ಕೊನೆಗೆ ತೆರೆಯ ಮೇಲೆ ಯೆಪ್ಪೆಯ ಹೆಸರು ಬಂತು. ಐವಿನ್ ಅದನ್ನು ನಿಧಾನವಾಗಿ ಓದಿ, ಖುಷಿಯಿಂದ ಗುರ್ಲಿಯತ್ತ ತಿರುಗಿದರು.

"ಈ ಹುಡುಗ ನನ್ ಕೈಲಿ ಎಂಥಾ ಕೆಲ್ಸ ತೆಗ್ಸಿದ್ದಾನೆ ನೋಡಮ್ಮ. ನೀನೂ ಅವ್ನ್ ಹತ್ರ ಒಂದಿಷ್ಟು ಕಲ್ತ್ಕೋ."

ನಾನು ಅವಳ ಮುಖ ನೋಡಲಾರದೆ ತಟ್ಟೆಗಳನ್ನು ಎತ್ತಿಕೊಂಡು ಎದ್ದೆ.

"ಕಲ್ತ್ಕೋತೀನಿ, ಐವಿನ್" ಎಂದಳು ಗುರ್ಲಿ.