ಲಗ್ನಪತ್ರಿಕೆಯ ದಿನ ‘ಬೇಡ’ ಎಂದದ್ದು

ಆಂಧ್ರದ ಗಡಿಯ ಕಲ್ಯಾಣದುರ್ಗದ ಬಸ್ ಸ್ಟ್ಯಾಂಡ್ ಪಕ್ಕದಲ್ಲಿ ನಮ್ಮದೊಂದು ಜೆರಾಕ್ಸ್ ಅಂಗಡಿ. ಲಗ್ನಪತ್ರಿಕೆಯನ್ನೂ ಮಾಡಿಕೊಡುತ್ತೇವೆ, ಒಂದು ಮಗ್ಗುಲು ತೆಲುಗು, ಇನ್ನೊಂದು ಮಗ್ಗುಲು ಕನ್ನಡ. ಬಂದವರ ಪೆನ್‌ಡ್ರೈವಿನಿಂದೆಲ್ಲ ವೈರಸ್ ಅಂಟಿಸಿಕೊಂಡು ನರಳುತ್ತಿದ್ದ ಕಂಪ್ಯೂಟರಿಗೆ ಹಿಂದೂಪುರದ ನನ್ನ ತಮ್ಮ ವಿಂಡೋಸ್ ತೆಗೆದು ಲಿನಕ್ಸ್ ಹಾಕಿಕೊಟ್ಟ. ಅಂದಿನಿಂದ ಅದಕ್ಕೊಂದು ನೆಗಡಿಯೂ ಬಂದಿಲ್ಲ. ಆದರೆ ಏನು ಮಾಡುವುದಕ್ಕೂ ನನ್ನ ಒಪ್ಪಿಗೆ ಕೇಳುವ ಚಾಳಿ ಹತ್ತಿತು.

ಹೊಸ ಪ್ರಿಂಟರ್ ತಂದ ದಿನವೇ ಸೆಟ್ಟೂರಿನಿಂದ ಮದುವೆ ಹೆಣ್ಣಿನ ತಾಯಿ ಬಂದು ಕೂತರು. ಮೊದಲ ಪತ್ರಿಕೆ ಮಾರನೆಯ ಬೆಳಿಗ್ಗೆ ಮನೆದೇವರ ಮುಂದೆ ಇರಲೇಬೇಕು. ಸಂಜೆಯ ಬಸ್ಸಿಗೆ ಬರಿಗೈಯಲ್ಲಿ ಹೋದರೆ ಬೀಗರೆದುರು ಮುಖ ಎತ್ತುವಂತಿಲ್ಲ.

ಪ್ರಿಂಟರಿನ ಸಾಫ್ಟ್‌ವೇರ್ ಹಾಕಲು ಹೋದರೆ ಪರದೆಯ ತುಂಬ ಇಂಗ್ಲಿಷು. ಕೊನೆಗೊಂದು ಪ್ರಶ್ನೆ.

“ಹಿಂಗೇ ಮಾಡ್ಲಾ, ಬೇಡ್ವಾ ಅಂತ ಕೇಳ್ತೈತೆ ಅಕ್ಕಾ. ಸದ್ಯಕ್ಕೆ ಬೇಡ ಅಂದು, ಪೂರ್ತಿ ಓದ್ಕೊಂತೀನಿ” ಎಂದೆ.

ಅವರು ನನ್ನ ಕೈ ಹಿಡಿದೇಬಿಟ್ಟರು. “ಲಗ್ನಪತ್ರಿಕೆ ಕೆಲಸದಾಗೆ ಬೇಡ ಅಂತಾರೇನಮ್ಮ? ನಾವು ಉಪ್ಪು ಮುಗೀತು ಅಂತಾನೂ ಅನ್ನಲ್ಲ, ಹೆಚ್ಚೈತೆ ಅಂತೀವಿ. ಹೂಂ ಅನ್ನು ಕಣಮ್ಮ!”

ಹೂಂ ಎಂದು ಒತ್ತಿದೆ. ಪ್ರಿಂಟರ್ ಗುರುಗುಟ್ಟಿ ಎದ್ದಿತು. ಆದರೆ ಪತ್ರಿಕೆ ಬರೆಯುವ ಸಾಫ್ಟ್‌ವೇರೇ ಮಾಯ. ಎರಡೂ ಒಳಗೊಳಗೇ ಆತುಕೊಳ್ಳುವ, ಲೈಬ್ರರಿ ಎಂಬ ಸಣ್ಣ ಸಾಫ್ಟ್‌ವೇರ್ ಒಂದೇ, ಆದರೆ ಪತ್ರಿಕೆಯದಕ್ಕೆ ಹಳೆಯದು ಬೇಕು, ಪ್ರಿಂಟರಿಗೆ ಹೊಸದು. ಹೊಸದು ಒಳಗೆ ಬಂದದ್ದೇ ಪತ್ರಿಕೆಯದು ಹೊರಗೆ ಹೋಗಿತ್ತು.

ತಮ್ಮನಿಗೆ ಫೋನ್ ಮಾಡಿದೆ. “ಅದು ಮೊದಲು ಹೇಳಿದ್ದಕ್ಕೇ ಹೂಂ ಅಂದ್ಬುಟ್ಯಾ? ಸೀರೆ ಅಂಗಡೀಲಿ ಮೊದಲ ರೇಟಿಗೇ ಒಪ್ಕೊಂತೀಯೇನೇ ಅಕ್ಕಾ? ಪತ್ರಿಕೇದನ್ನ ಮತ್ತೆ ಹಾಕು. ಅದೇನು ಹೇಳಿದ್ರೂ ಬೇಡ ಅನ್ನು, ಇನ್ನೊಂದು ದಾರಿ ತೋರಿಸ್ತೈತೆ. ಎರಡೂ ಉಳಿಯೋ ದಾರಿ ಬರೋಗಂಟ ಬಿಡಬೇಡ” ಎಂದು ನಕ್ಕ.

ಹೆಣ್ಣಿನ ತಾಯಿಯ ಕಿವಿ ಚುರುಕು. “ಯಾರಿಗಮ್ಮ ಬೇಡ?”

“ನನ್ನ ತಮ್ಮಂಗೆ ಟೀಗೆ ಸಕ್ಕರೆ ಬೇಡವಂತೆ.”

“ಅಯ್ಯೋ ದೇವುಡಾ, ಈ ವಯಸ್ಸಿಗೇ ಶುಗರ್ರಾ?”

ಇವರು ಎದುರಿಗೆ ಕೂತಿರುವಷ್ಟು ಹೊತ್ತು ‘ಬೇಡ’ ಒತ್ತಲು ನನ್ನ ಬೆರಳು ಏಳುವುದಿಲ್ಲ. “ಪತ್ರಿಕೆಗೆ ಹಚ್ಚೋಕೆ ಒಳ್ಳೇ ಅರಿಶಿನ ನೀವೇ ನೋಡಿ ತಂದ್ಬುಡಿ ಅಕ್ಕಾ” ಎಂದು ಎದುರಿನ ಪೂಜೆ ಸಾಮಾನಿನ ಗ್ರಂಧಿಗೆ ಅಂಗಡಿಗೆ ಸಾಗಹಾಕಿದೆ.

ಪತ್ರಿಕೆಯದನ್ನು ಮತ್ತೆ ಹಾಕಲು ಹೋದರೆ, ಪ್ರಿಂಟರಿನದನ್ನು ತೆಗೆಯಲೇ ಎಂದಿತು ಕಂಪ್ಯೂಟರ್. ಬೇಡ. ಏನೂ ಮಾಡದೆ ಸುಮ್ಮನಿರಲೇ ಎಂದಿತು. ಅದೂ ಬೇಡ. ಆಮೇಲೆ ದಾರಿಗೆ ಬಂತು: ಪ್ರಿಂಟರಿನದರಲ್ಲಿ ಒಂದು ಹಳೆಯ ಆವೃತ್ತಿ ಇದೆಯಂತೆ, ಹಳೆಯ ಲೈಬ್ರರಿಯ ಜೊತೆಗೇ ಬಾಳುತ್ತದಂತೆ, ತರಲೇ? ತಾ ಮಹರಾಯ.

ಅವರು ಅರಿಶಿನ ಹಿಡಿದು ಮೆಟ್ಟಿಲು ಹತ್ತುವಷ್ಟರಲ್ಲಿ ಪತ್ರಿಕೆ ಬೆಚ್ಚಗೆ ಹೊರಗೆ ಬಿದ್ದಿತ್ತು. ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ಸೆರಗಿನಲ್ಲಿ ಸುತ್ತಿಕೊಂಡರು.

“ನೋಡ್ದ್ಯಾ? ನಾನು ಪಕ್ಕದಾಗೆ ಕೂತು ಬೇಡ ಅನ್ನೋಕೆ ಬಿಡ್ಲಿಲ್ಲ. ಅದಕ್ಕೇ ಬಂತು.”

“ಹೂಂ ಕಣಕ್ಕಾ” ಎಂದು ಬಸ್ಸು ಹತ್ತಿಸಿದೆ.