ಮಾವ ಆಟ ನೋಡಲು ಬಂದ ದಿನ

ಧೈರ್ಯಕ್ಕೆ ಮತ್ತು ನಡತೆಗೆ ಎಂದು ಕಾಲೇಜಿನ ಫುಟ್‌ಬಾಲ್ ಆಟಗಾರರಿಗೆ ಕೊಡುವ ಒಂದು ಬೆಳ್ಳಿ ಪದಕವಿತ್ತು. ಕಷ್ಟ ನುಂಗಿಕೊಂಡು ಆಡಿದ ಹುಡುಗನನ್ನು ಹುಡುಕಿ ಚನ್ನಗಿರಿಯ ಕೆಲವು ಅಡಿಕೆ ವರ್ತಕರು ಅದನ್ನು ವರ್ಷಕ್ಕೊಮ್ಮೆ ಕೊಡುತ್ತಿದ್ದರು. ಕೊಡುವಾಗ ಯಾರಾದರೊಬ್ಬರು ಎದ್ದು, ಗಂಟಲು ಸರಿಮಾಡಿಕೊಂಡು, ಮೊದಲ ಪದಕ ಪಡೆದವನ ಕಥೆ ಹೇಳುವುದು ವಾಡಿಕೆಯಾಗಿತ್ತು. ಅಪ್ಪ ತೀರಿಕೊಂಡ ಸುದ್ದಿ ಆಟದ ನಡುವೆ ಬಂದರೂ ಆ ಹುಡುಗ ಮೈದಾನ ಬಿಡಲಿಲ್ಲವಂತೆ. ಆಮೇಲೆ ಪದಕವನ್ನೂ ಹಿಂತಿರುಗಿಸಿದನಂತೆ, ಅಷ್ಟು ದೊಡ್ಡ ಮನಸ್ಸಂತೆ. ಆ ಹುಡುಗ ನಾನು. ಹಿಂತಿರುಗಿಸಿದ್ದೊಂದು ನಿಜ, ಉಳಿದದ್ದೆಲ್ಲ ಸುಳ್ಳು. ಸುಳ್ಳಿಗೆ ಹಾರ ಹಾಕಿ ಮೆರೆಸುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ನಮ್ಮ ಮನೆ ಇದ್ದದ್ದು ಜಗಳೂರು ಸೀಮೆಯಲ್ಲಿ, ಬಿಳಿಚೋಡಿನಿಂದ ಇನ್ನಷ್ಟು ಒಳಗೆ. ಅಪ್ಪನಿಗೆ ಬೆದ್ದಲು ಹೊಲ, ಒಂದು ಜೊತೆ ಎತ್ತು, ಒಬ್ಬನೇ ಮಗ. ಆ ಮಗ ಇಂಟರ್‌ಮೀಡಿಯೆಟ್ ಓದಲೆಂದು ಕಾಲೇಜಿಗೆ ಹೋಗಿ ಚೆಂಡಿನ ಹಿಂದೆ ಬಿದ್ದದ್ದು ಅಪ್ಪನಿಗೆ ಸುತರಾಂ ಸೇರಲಿಲ್ಲ. ಮೀಸೆ ಬಂದ ಗಂಡಸರು ಮೊಣಕಾಲು ಕಾಣುವ ಚಡ್ಡಿ ಹಾಕಿಕೊಂಡು ಊರವರೆದುರು ಓಡಾಡುವುದೆಂದರೆ ಅವನಿಗೆ ನಾಚಿಕೆ. ರಜೆಗೆ ಹೋದಾಗಲೆಲ್ಲ ಅದೇ ಮಾತು. "ಒದೆಯಾಕೆ ಅಷ್ಟು ದೂರ ಯಾಕೆ ಹೋಗಬೇಕಿತ್ತು? ನಮ್ಮ ಹೊಲದ ತುಂಬ ಕಲ್ಲು ಐತಲ್ಲ, ಒದಿ" ಎನ್ನುತ್ತಿದ್ದ. ಕೊನೆಯ ಸಲ ನಾನೂ ಎದುರು ಮಾತಾಡಿದೆ. ಊಟ ಬಿಟ್ಟು ಎದ್ದು ಹೊರಟೆ. ಅವ್ವನ ತಮ್ಮ, ನನ್ನ ಸೋದರಮಾವ, ಬಿಳಿಚೋಡಿನವರೆಗೆ ಹಿಂದೆ ಬಂದು ಬುತ್ತಿ ಕಟ್ಟಿಕೊಟ್ಟು ಬಸ್ಸು ಹತ್ತಿಸಿದ. ಆ ಮನೆಯಲ್ಲಿ ಜಗಳವಾಡಿದವರ ಮಧ್ಯೆ ಓಡಾಡುವ ಕೆಲಸ ಯಾವಾಗಲೂ ಮಾವನದೇ ಆಗಿತ್ತು.

ಅದು ಎರಡನೆಯ ಮಹಾಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿದ್ದವು. ದಿಣ್ಣೆ ಬಂದರೆ ಜನ ಇಳಿದು ತಳ್ಳಬೇಕು. ಅಂಥದೊಂದು ಬಸ್ಸಿನಲ್ಲಿ ನಮ್ಮ ಕಾಲೇಜಿನ ತಂಡ ಪಂದ್ಯ ಆಡಲು ಚನ್ನಗಿರಿಗೆ ಹೋಯಿತು. ಗೋಲಿಗೆ ಹೊನ್ನಾಳಿಯವನು, ಮುಂದೆ ನ್ಯಾಮತಿಯವನು, ಹಿಂದೆ ಬ್ಯಾಕ್ ಸ್ಥಾನದಲ್ಲಿ ನಾನು. ಅರ್ಧ ಜನಕ್ಕೆ ಬೂಟಿರಲಿಲ್ಲ, ಪಾದಕ್ಕೆ ಬಟ್ಟೆ ಸುತ್ತಿಕೊಂಡು ಆಡುತ್ತಿದ್ದೆವು. ಮೊದಲರ್ಧದಲ್ಲೇ ನನ್ನ ಹೆಬ್ಬೆರಳಿನ ಉಗುರು ಕಿತ್ತು ಬಂದು ಬಟ್ಟೆಯೆಲ್ಲ ರಕ್ತವಾಯಿತು. ನಾವು ಒಂದು ಗೋಲು ಹಿಂದಿದ್ದೆವು. ಸಾಕು, ಕೂತುಬಿಡೋಣ ಅನ್ನಿಸಿದ್ದು ನಿಜ.

ಎರಡನೆಯ ಅರ್ಧ ಶುರುವಾದ ಮೇಲೆ ಕೋಟೆಯ ಕಡೆಯ ಹುಣಸೆ ಮರದ ಕೆಳಗೆ ಮಾವ ಕಂಡ. ಮೈಯೆಲ್ಲ ದೂಳು, ಹೆಗಲ ಮೇಲೆ ಕಂಬಳಿ. ಪಕ್ಕದಲ್ಲಿ ನಮ್ಮ ಡ್ರಿಲ್ ಮೇಷ್ಟ್ರು ನಿಂತು ಏನೋ ಹೇಳುತ್ತಿದ್ದರು. ಮಾವ ಜಗಳೂರಿನಿಂದ ಆಚೆ ಬಸ್ಸು ಹತ್ತಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅಂಥವನು ಚನ್ನಗಿರಿಯವರೆಗೆ ಬಂದಿದ್ದಾನೆಂದರೆ ನನಗೆ ಹೊಳೆದದ್ದು ಒಂದೇ: ಅಪ್ಪ ಸಿಟ್ಟು ಬಿಟ್ಟಿದ್ದಾನೆ, ತಾನು ಬರಲು ಬಿಗುಮಾನ, ಅದಕ್ಕೇ ಹೋಗಿ ನೋಡಿ ಬಾ ಎಂದು ಇವನನ್ನು ಕಳಿಸಿದ್ದಾನೆ. ನನಗಾದ ಸಂತೋಷ ಅಷ್ಟಿಷ್ಟಲ್ಲ. ಕೈ ಎತ್ತಿ ಬೀಸಿದೆ, ಹಲ್ಲು ಬಿಟ್ಟು ನಕ್ಕೆ. ಮಾವ ಕೈ ಎತ್ತಲು ಹೋದವನು ಅರ್ಧಕ್ಕೇ ಇಳಿಸಿದ. ನಾಚಿಕೊಂಡ ಎಂದುಕೊಂಡೆ.

ಆಮೇಲೆ ಕಾಲಿನ ನೋವು ಗೊತ್ತಾಗಲಿಲ್ಲ. ಮಾವ ಊರಿಗೆ ಹೋಗಿ ಅಪ್ಪನೆದುರು ಏನು ಹೇಳುತ್ತಾನೋ ಅದಕ್ಕೆ ತಕ್ಕಂತೆ ಆಡಬೇಕು ಎನ್ನುವ ಹಟ ಹಿಡಿಯಿತು. ಬ್ಯಾಕ್ ಆಡುವವನು ತನ್ನ ಜಾಗ ಬಿಟ್ಟು ಮುಂದೆ ಹೋಗಬಾರದು. ನಾನು ಹೋದೆ. ಮೇಷ್ಟ್ರು ಗದರುವುದನ್ನು ನಿಲ್ಲಿಸಿದ್ದರು, ಅದೂ ವಿಚಿತ್ರ ಅನ್ನಿಸಲಿಲ್ಲ. ಆಟ ಮುಗಿಯುವ ಹೊತ್ತಿಗೆ ನ್ಯಾಮತಿಯವನು ತಳ್ಳಿದ ಚೆಂಡು ನನ್ನ ಕಾಲಿಗೆ ಸಿಕ್ಕಿತು. ಉಗುರಿಲ್ಲದ ಕಾಲಲ್ಲೇ ಒದ್ದೆ. ಗೋಲಾಯಿತು. ಜನ ಟೋಪಿ, ಟವೆಲ್ಲು ಹಾರಿಸಿ ಕೂಗಿದರು. ಹುಣಸೆ ಮರದ ಕಡೆ ತಿರುಗಿ ನೋಡಿದೆ. ಮಾವ ರುಮಾಲು ಬಿಚ್ಚಿ ಮುಖಕ್ಕೆ ಹಿಡಿದುಕೊಂಡಿದ್ದ.

ಎರಡೂ ಕಡೆ ಸಮವಾಯಿತೆಂದು ರೆಫ್ರಿ ಹೆಚ್ಚಿನ ಹೊತ್ತು ಆಡಿಸಿದರು. ಆ ಹೊತ್ತಿನಲ್ಲಿ ಎದುರಿನವರು ಗೋಲು ಹೊಡೆದರು, ನಾವು ಸೋತೆವು. ಶೀಲ್ಡು ಕೊಟ್ಟು ಚಪ್ಪಾಳೆ ಎಲ್ಲ ಮುಗಿದ ಮೇಲೆ ಮೇಷ್ಟ್ರು ನನ್ನ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದುಕೊಂಡು ಹೋದರು. ಅಪ್ಪನಿಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಏರಿತ್ತು, ಉಸಿರು ಸಿಗುತ್ತಿರಲಿಲ್ಲ. ನನ್ನನ್ನು ನೋಡಬೇಕೆಂದು ಹೇಳಿದ್ದ. ಮಾವ ಕೋಳಿ ಕೂಗುವ ಹೊತ್ತಿಗೆ ಹೊರಟು, ತಂಡ ಎಲ್ಲಿದೆಯೆಂದು ದಾರಿಯಲ್ಲಿ ವಿಚಾರಿಸಿಕೊಂಡು, ಎರಡು ಬಸ್ಸು ಹಿಡಿದು ಬಂದಿದ್ದ. ಸಂಜೆಯ ಬಸ್ಸು ಸಿಕ್ಕಿದ್ದರೆ ದಾವಣಗೆರೆ ಸೇರಿ, ಸಂತೆಯಿಂದ ರಾತ್ರಿ ನಮ್ಮ ಕಡೆ ಹೊರಡುವ ಗಾಡಿಗಳ ಜೊತೆ ಬೆಳಗಿಗೆ ಊರು ಮುಟ್ಟಬಹುದಿತ್ತು. ಆಟದ ಹೊತ್ತು ಮುಗಿದ ಕೂಡಲೇ ಹುಡುಗನನ್ನು ಕಳಿಸುತ್ತೇನೆ, ಅಲ್ಲಿಯವರೆಗೆ ಬಸ್ಸಿನ ಏಜೆಂಟರಿಗೆ ಹೇಳಿ ನಿಲ್ಲಿಸಿರುತ್ತೇನೆ ಎಂದು ಮೇಷ್ಟ್ರು ಮಾವನಿಗೆ ಮಾತು ಕೊಟ್ಟಿದ್ದರು. ಏಜೆಂಟರು ನಿಲ್ಲಿಸಿಯೂ ಇದ್ದರು. ನನ್ನ ಗೋಲಾದ ಮೇಲೆ, ಹೆಚ್ಚಿನ ಹೊತ್ತಿನ ಆಟ ನಡೆಯುತ್ತಿರುವಾಗ, ಬಸ್ಸು ಹೊರಟುಹೋಯಿತು.

ಆ ಗೋಲು ಹೊಡೆಯದೆ ಇದ್ದಿದ್ದರೆ ನನಗೆ ಬಸ್ಸು ಸಿಗುತ್ತಿತ್ತು. ಈ ಲೆಕ್ಕವನ್ನು ನಾನು ಜೀವಮಾನವೆಲ್ಲ ಹಾಕಿದ್ದೇನೆ, ಉತ್ತರ ಬದಲಾಗಿಲ್ಲ.

ಮರುದಿನ ಬೆಳಗಿನ ಬಸ್ಸು ಹಿಡಿದು ಹೊರಟೆವು. ಮಾವ ಕೊಟ್ಟ ನೀರನ್ನು ನಾನು ಕುಡಿಯಲಿಲ್ಲ. ಬಿಳಿಚೋಡಿನಿಂದ ಕುಂಟುತ್ತ ನಡೆದು ಊರು ಸೇರುವಾಗ ಹೊತ್ತು ಇಳಿಯುತ್ತಿತ್ತು. ಹೊಲದ ಬದುವಿನಲ್ಲಿ ಜನ ಮಣ್ಣು ಮುಗಿಸಿ ಕೈಕಾಲು ತೊಳೆದುಕೊಂಡು ಹಿಂತಿರುಗುತ್ತಿದ್ದರು. ಅಪ್ಪ ಬಿಸಿಲೇರುವವರೆಗೆ ಬದುಕಿದ್ದನಂತೆ. ಬಾಗಿಲ ಕಡೆಗೆ ಮುಖ ಮಾಡಿ ಕೂರಿಸಿ ಎಂದು ಹೇಳಿ ಹಾಗೆಯೇ ಕೂತಿದ್ದನಂತೆ. ಮಣ್ಣು ಮಾಡುವಾಗ ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕುವುದು ನಮ್ಮಲ್ಲಿಯ ಪದ್ಧತಿ. ಅವ್ವ ಗುಂಡಿಯ ಪಕ್ಕದಲ್ಲಿ ಒಬ್ಬಳೇ ಕೂತಿದ್ದಳು. ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಮಣ್ಣನ್ನು ನನ್ನ ಕೈಗೆ ಸುರಿದಳು.

"ನಿನ್ನ ಪಾಲಿಂದು ಇಟ್ಟೀನಿ. ಹಾಕು" ಎಂದಳು.

ಹಾಕಿದೆ. ಮಾವ ಹಿಂದಿನಿಂದ, "ಬಸ್ಸು ದಾರೀಲಿ ಕೆಟ್ಟು ನಿಂತಿತ್ತಕ್ಕ" ಎಂದ. ಅದು ಸುಳ್ಳೆಂದು ನನಗೆ ಗೊತ್ತಿತ್ತು. ಹಸಿ ಮಣ್ಣಿನ ಮೇಲೆ ನಿಂತು ಜಗಳ ಆಡುವ ಮನಸ್ಸಾಗಲಿಲ್ಲ. ಅವ್ವ ತಲೆಯಾಡಿಸಿದಳು. ಇದ್ದಿಲಿನ ಬಸ್ಸು ಕೆಡುವುದರಲ್ಲಿ ಯಾರಿಗೂ ಅನುಮಾನ ಬರುವಂತಿರಲಿಲ್ಲ.

ಅತ್ತ ಚನ್ನಗಿರಿಯಲ್ಲಿ ಬೇರೆಯೇ ಕಥೆ ಹುಟ್ಟಿತ್ತು. ಮರದ ಕೆಳಗೆ ಅಳುತ್ತ ನಿಂತಿದ್ದ ಮಾವನನ್ನು ಕಂಡ ಕೆಲವರು ಏನೆಂದು ಮೇಷ್ಟ್ರನ್ನು ಕೇಳಿದರಂತೆ. ಆಟ ಮುಗಿಸಲೆಂದು ಸುದ್ದಿ ಮುಚ್ಚಿಟ್ಟಿದ್ದೇನೆ ಎನ್ನಲು ಅವರಿಗೆ ಬಾಯಿ ಬರಲಿಲ್ಲ. "ಹುಡುಗನಿಗೆ ಎಲ್ಲ ಗೊತ್ತು, ತಂಡ ಬಿಟ್ಟು ಬರಲ್ಲ ಅಂದ" ಎಂದುಬಿಟ್ಟರು. ಬಾಯಿಂದ ಬಾಯಿಗೆ ಹೋಗುವಷ್ಟರಲ್ಲಿ ಕಾಯಿಲೆ ಸಾವಾಯಿತು. ವರ್ತಕರು ಕಣ್ಣೀರು ಹಾಕಿ ಪದಕ ಮಾಡಿಸಿದರು. ನಮ್ಮ ತಾಲ್ಲೂಕಿನ ಹುಡುಗನೆಂದು ಜಗಳೂರಿನ ಮುಖಂಡರು ಹೆಮ್ಮೆಪಟ್ಟು ಅಲ್ಲಿನ ಸ್ಕೂಲಿನ ಅಂಗಳದಲ್ಲೇ ಸನ್ಮಾನ ಇಟ್ಟುಕೊಂಡರು. ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಉಗುರು ಕಿತ್ತರೂ ಆಡಿದ್ದಕ್ಕೆ ಕೊಡುತ್ತಿದ್ದಾರೆ ಎಂದುಕೊಂಡಿದ್ದೆ.

ಹೆತ್ತ ತಾಯಿಯೂ ಬರಬೇಕೆಂದು ಹೇಳಿ ಕಳಿಸಿದ್ದರು. ಅಪ್ಪ ಹೋದ ಮೇಲೆ ಅವ್ವ ಹೊಸಿಲು ದಾಟಿರಲಿಲ್ಲ. ಆದರೂ ಬಂದಳು. ಮಗನ ಬಗ್ಗೆ ನಾಲ್ಕು ಜನ ಒಳ್ಳೆಯ ಮಾತಾಡುವುದನ್ನು ಅವಳಾದರೂ ಕೇಳಲಿ ಎಂದು ಮಾವನೇ ಗಾಡಿ ಹೂಡಿದ. ಅವಳು ಮುಂದಿನ ಚಾಪೆಯಲ್ಲಿ, ಹೆಂಗಸರ ನಡುವೆ, ತಲೆ ಮೇಲೆ ಸೆರಗು ಹೊದ್ದು ಕೂತಳು.

ವರ್ತಕರ ಹಿರಿಯರು ಮಾತಾಡಲು ಎದ್ದರು. ದೇಶಕ್ಕೆ ಎಂಥ ಯುವಕರು ಬೇಕು ಎಂಬಲ್ಲಿಂದ ಶುರುಮಾಡಿ ನನ್ನ ಕಡೆ ಕೈ ತೋರಿಸಿದರು. "ತಂದೆ ಇನ್ನಿಲ್ಲ ಎಂಬ ಸುದ್ದಿಯನ್ನು ಈತನ ಸೋದರಮಾವ ಬಂದು ಕಿವಿಯಲ್ಲಿ ಹೇಳಿದರು. ಈತ ಕಣ್ಣೊರೆಸಿಕೊಂಡು, ಆಟ ಮುಗಿಸಿ ಬರುತ್ತೇನೆ, ನೀವು ನಿಂತಿರಿ ಎಂದ. ಹಾಗೆಂದು ಹೋಗಿ ಗೋಲು ಹೊಡೆದ." ಚಪ್ಪಾಳೆ ಬಿತ್ತು. ನಾನು ಎದ್ದು "ಹಾಗಲ್ಲ" ಎಂದೆ. ಪಕ್ಕದಲ್ಲಿದ್ದ ಮೇಷ್ಟ್ರು ನನ್ನ ಭುಜ ಹಿಡಿದು ಕೂರಿಸಿದರು. ವಿನಯ ನೋಡಿ ಎಂದು ಭಾಷಣದವರು ಇನ್ನೊಮ್ಮೆ ಚಪ್ಪಾಳೆ ಹೊಡೆಸಿದರು. ಮೇಷ್ಟ್ರ ಮೇಲೆ ಆಗ ನನಗೆ ಬಂದ ಸಿಟ್ಟು ಅವರು ಸತ್ತ ಮೇಲೂ ಇಳಿದಿಲ್ಲ.

ಅವ್ವ ಚಪ್ಪಾಳೆ ಹೊಡೆಯಲಿಲ್ಲ. ಸೆರಗಿನೊಳಗಿಂದ ನನ್ನನ್ನು ನೋಡಿದಳು. ಗುರುತಿಲ್ಲದವರ ಮನೆಗೆ ಹೋದಾಗ ಹೆಂಗಸರು ನೋಡುತ್ತಾರಲ್ಲ, ಹಾಗೆ. ಪದಕ ಹಾಕುವಾಗ ತಾಯಿಯನ್ನು ಕರೆದರು. ಅವಳು ಏಳಲಿಲ್ಲ.

ಗಾಡಿ ಜಗಳೂರು ದಾಟಿ ಬಯಲಿಗೆ ಬಂತು. ಮಾವ ಮುಂದೆ ಕೂತು ಎತ್ತು ಹೊಡೆಯುತ್ತಿದ್ದ. ಆಗ ಅವ್ವ ಕೇಳಿದಳು.

"ಅವರು ಬಾಗಿಲು ನೋಡ್ಕೊಂಡು ಕುಂತಿದ್ರು. ನಿನಗೆ ಗೊತ್ತಿತ್ತೇನು? ಗೊತ್ತಿದ್ದೂ ಆಡ್ತಿದ್ಯಾ?"

ನಾನು ಮಾವನ ಬೆನ್ನು ನೋಡಿದೆ. ಅಪ್ಪ ಹೋದಂದಿನಿಂದ ನಮ್ಮ ಹೊಲ ಹೂಡುತ್ತಿದ್ದವನು ಅವನು. ನಾನು ಕಾಲೇಜಿಗೆ ಹೋದರೆ ಅವ್ವನಿಗೆ ಅವನೊಬ್ಬನೇ ದಿಕ್ಕು. ನಿಜ ಹೇಳಿದರೆ ಅವಳಿಗೆ ತಮ್ಮನಿಲ್ಲ, ಹೇಳದಿದ್ದರೆ ಮಗನಿಲ್ಲ. ಯೋಚಿಸುತ್ತ ಕೂರುವಷ್ಟು ತಾಳ್ಮೆ ನನಗೆ ಯಾವತ್ತೂ ಇರಲಿಲ್ಲ.

"ಇಲ್ಲವ್ವ. ಆಟ ಮುಗಿಯೋತಂಕ ನನಗೆ ಯಾರೂ ಹೇಳಲಿಲ್ಲ."

"ಬಸ್ಸು ಕೆಟ್ಟಿದ್ದು?"

"ಕೆಟ್ಟಿರಲಿಲ್ಲ. ಹೋಗಿತ್ತು."

ಮಾವ ಹಗ್ಗ ಎಳೆದು ಗಾಡಿ ನಿಲ್ಲಿಸಿದ. ಹಿಂದೆ ತಿರುಗಲಿಲ್ಲ. "ಹೇಳಾಕೇ ಹೋಗಿದ್ದೆ ಅಕ್ಕ" ಎಂದ. "ಒಂದು ಗಳಿಗೆ ತಡೀರಿ ಅಂದ್ರು ಮೇಷ್ಟ್ರು. ನಾನು ಕೇಳ್ತಿರಲಿಲ್ಲ, ಒಳಗೆ ನುಗ್ಗಬೇಕು ಅಂತಿದ್ದೆ. ಅಷ್ಟರಾಗೆ ಇವನು ನನ್ನ ನೋಡಿ ಕೈ ಬೀಸಿ ನಕ್ಕುಬಿಟ್ಟ. ಆ ಮುಖ ನೋಡಿ ಹೆಂಗೆ ಹೇಳಲಿ. ಕಾಲು ಬರಲಿಲ್ಲ."

ಅವ್ವ ನನ್ನ ಕಡೆ ತಿರುಗಿದಳು. "ನಕ್ಕಿದ್ದು ಯಾಕೆ?"

"ಆಟ ನೋಡಾಕೆ ಬಂದಾನೆ ಅನ್ಕಂಡೆ. ಅಪ್ಪನೇ ಕಳಿಸ್ಯಾನೆ ಅನ್ಕಂಡೆ."

ಅವ್ವ ನನ್ನ ಕೊರಳಿಗೆ ಕೈ ಹಾಕಿ ಪದಕ ತೆಗೆದು ನನ್ನ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದಳು. "ಇದು ನಿನ್ನದಲ್ಲ, ಕೊಟ್ಟು ಬಾ" ಎಂದಳು. ಆಮೇಲೆ ತಮ್ಮನ ಬೆನ್ನು ನೋಡುತ್ತ ಹೇಳಿದಳು.

"ಅವರೇ ಕಳಿಸಿದ್ದು ಮಗ. ಆಟದಾಗೆ ಇದ್ರೂ ಕರಕಂಬಾ, ಬೈಯಲ್ಲ ಅಂತ ಹೇಳು, ಅಂದಿದ್ರು."

ಆ ಮಾತನ್ನು ಮಾವ ನನಗೆ ಅಲ್ಲಿಯವರೆಗೂ ಹೇಳಿರಲಿಲ್ಲ. ಅವನು ಗಾಡಿಯಿಂದ ಇಳಿದು ಎತ್ತುಗಳ ಮುಂದೆ ನಡೆಯತೊಡಗಿದ, ಊರು ಬರುವವರೆಗೆ ಮತ್ತೆ ಹತ್ತಲಿಲ್ಲ.